ಏಳನೇ ತಿರುವಿನ ಬಿಳಿ ಗೆರೆ

ಗೆರೆ ಕಾಯುವುದೂ ಒಂದು ಕೆಲಸ ಎಂದು ಅಂಕಯ್ಯ ಹೇಳಿದ ದಿನ ಅವನ ಹೆಂಡತಿ ದೊಡ್ಡಲಕ್ಷ್ಮಮ್ಮ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಕೈ ನಿಲ್ಲಿಸದೆಯೇ ಕೇಳಿದಳು:

"ಗೆರೆ ಏನು ಎದ್ದು ಓಡೋಯ್ತದಾ?"

"ಗೆರೆ ಓಡಲ್ಲ ಕಣೆ. ಕಾರು ಓಡ್ತವೆ. ಗೆರೆ ದಾಟುದ್ರೆ ನಾನು ಹೇಳ್ಬೇಕು."

"ಯಾರಿಗೆ?"

"ಮೇಲಿನೋರಿಗೆ. ವೈರ್‌ಲೆಸ್ಸಲ್ಲಿ."

"ಅಂದ್ರೆ ಚಾಡಿ ಹೇಳೋಕೆ ಸಂಬ್ಳ ಅನ್ನು," ಎಂದು ಅವಳು ಜರಡಿಯಲ್ಲಿ ಉಳಿದ ತೌಡನ್ನು ಕೋಳಿಗಳಿಗೆ ಎರಚಿದಳು.

ಅಂಕಯ್ಯ ನಕ್ಕಿದ್ದ. ವಾರವೆಲ್ಲ ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯ ಗೇಟಿನಲ್ಲಿ ನಿಂತು ಲಾರಿಗಳಿಗೆ ಸಲಾಮು ಹೊಡೆಯುವವನಿಗೆ, ರೇಸಿನ ದಿನ ಕಿತ್ತಲೆ ಬಣ್ಣದ ಅಂಗಿ ತೊಟ್ಟು ಒಂದು ಸ್ಟೂಲಿನ ಮೇಲೆ ಕೂತು ಗೆರೆ ನೋಡುವುದು ಹಬ್ಬದಂತೆಯೇ ಇತ್ತು. ಊರಾಚೆಯ ಬಂಡೆಗಳ ನಡುವೆ ರೇಸ್ ಟ್ರ್ಯಾಕು ಬಂದಾಗ ಅವನು ಮೊದಲು ಸೇರಿದ್ದು ದೂಳು ಗುಡಿಸಲಿಕ್ಕೆ. ಆಮೇಲೆ ಬಾವುಟ ಹಿಡಿಯಲಿಕ್ಕೆ ಹಾಕಿದರು. ಕಾರು ಬಂದಾಗ ಎಲ್ಲರೂ ಕಾರನ್ನು ನೋಡುತ್ತಿದ್ದರು, ಇವನೊಬ್ಬ ನೆಲ ನೋಡುತ್ತಿದ್ದ. ಅದನ್ನು ಗಮನಿಸಿದ ಯಾರೋ ಏಳನೇ ತಿರುವಿನ ಹೊರಗೆ ಅವನಿಗೆ ಸ್ಟೂಲು ಹಾಕಿಸಿದರು.

ಕಾಯ್ದೆ ಸರಳವಾಗಿತ್ತು. ಓಟದ ದಾರಿಯ ಎರಡು ಅಂಚಿಗೂ ಬಿಳಿ ಗೆರೆ. ಒಂದು ಗಾಲಿಯಾದರೂ ಗೆರೆ ಮುಟ್ಟಿದ್ದರೆ ಕಾರು ಒಳಗಿದ್ದಂತೆ, ನಾಲ್ಕೂ ಗಾಲಿ ಆಚೆ ಹೋದರೆ ಹೊರಗೆ. ಓಟದಲ್ಲಿ ಮೂರು ಸಲ ಮಾಫಿ, ನಾಲ್ಕನೇ ಸಲ ಐದು ಸೆಕೆಂಡಿನ ದಂಡ. ಗೆರೆ ಕಾಯುವವನು ಕಂಡದ್ದೇ ಸತ್ಯ. ಅದರ ಮೇಲೆ ಅಪೀಲಿಲ್ಲ.

ಕಾಯ್ದೆ ಸರಳ, ಜಗಳ ಸರಳವಲ್ಲ. ಏಳನೇ ತಿರುವಿನಲ್ಲಿ ಗೆರೆಯ ಆಚೆಗೂ ಗಟ್ಟಿ ಕಾಂಕ್ರೀಟು ಹಾಸಿತ್ತು. ಅಲ್ಲಿಗೆ ಒಂದಿಷ್ಟು ಹರಿದುಕೊಂಡು ಹೋದವನಿಗೆ ವೇಗ ತಗ್ಗಿಸುವ ಕಷ್ಟವಿರಲಿಲ್ಲ. ಓಡಿಸುವವರು ಹೇಳುತ್ತಿದ್ದರು: ಜಾಗ ಇದೆ, ಹೋಗುತ್ತೇವೆ, ಗೆದ್ದವನನ್ನು ಗೆರೆ ನೋಡಿ ಸೋಲಿಸುವುದು ಯಾವ ಆಟ? ನಡೆಸುವವರು ಹೇಳುತ್ತಿದ್ದರು: ಇವತ್ತು ಗೇಣು ಬಿಟ್ಟರೆ ನಾಳೆ ಮಾರು ಕೇಳುತ್ತೀರಿ. ಕಾಂಕ್ರೀಟು ಕಿತ್ತು ಜಲ್ಲಿ ಸುರಿಯಿರಿ, ದಾಟಿದವನು ತಾನೇ ಹೂತುಕೊಳ್ಳಲಿ, ಹೇಳುವವರೇ ಬೇಡ ಎನ್ನುವವರೂ ಇದ್ದರು. ಈ ವಾದ ಹಾರೋಹಳ್ಳಿ ಸರ್ಕಲ್ಲಿನ ಸ್ವಾಮಿಯ ಟೀ ಅಂಗಡಿವರೆಗೂ ಬಂದಿತ್ತು.

"ಅಲ್ಲ ಕಣಣ್ಣ, ಕ್ರಿಕೆಟ್ಟಲ್ಲಿ ಗೆರೆ ದಾಟುದ್ರೆ ಸಿಕ್ಸರ್ ಕೊಡ್ತಾರೆ. ನೀನು ದಂಡ ಹಾಕಿಸ್ತೀಯ," ಎಂದು ಸ್ವಾಮಿ ಟೀ ಎತ್ತಿ ಹೊಯ್ಯುತ್ತ ಕೆಣಕುತ್ತಿದ್ದ.

"ನಾನು ಹಾಕ್ಸಲ್ಲ ಕಣ್ಲಾ. ನೋಡಿದ್ದ ಹೇಳ್ತೀನಿ ಅಷ್ಟೆಯ."

"ಅದೇ ಅಣ್ಣ, ಪೊಲೀಸ್ನೋರೂ ಹಂಗೇ ಅನ್ನೋದು."

ನೋಡಿದ್ದನ್ನು ಹೇಳುವುದು ಅಂಕಯ್ಯನ ಮನೆತನಕ್ಕೆ ಹೊಸದಲ್ಲ. ಅವನ ತಾತ ಊರಿನ ಕುಳವಾಡಿ, ಊರ ಗಡಿಯ ಗುರುತು ಬಲ್ಲವನು. ಎರಡು ಊರಿನ ನಡುವೆ ಗಡಿ ಜಗಳ ಬಂದರೆ ಕುಳವಾಡಿಯ ತಲೆಯ ಮೇಲೆ ಊರ ಮಣ್ಣಿನ ಹಸಿ ಉಂಡೆ ಇಟ್ಟು ನಡೆಸುತ್ತಿದ್ದರಂತೆ. ಅವನು ಹೆಜ್ಜೆ ಇಟ್ಟಲ್ಲಿ ಗಡಿ. ತಪ್ಪಿ ನಡೆದರೆ ಉಂಡೆ ಒಡೆಯುತ್ತದೆ, ನಡೆದವನು ಉಳಿಯುವುದಿಲ್ಲ ಎಂಬ ನಂಬಿಕೆ. ಒಂದು ಕೆರೆಯಂಗಳದ ಜಗಳದಲ್ಲಿ ತಾತ ಹಾಗೆ ನಡೆದ. ಉಂಡೆ ಒಡೆಯಲಿಲ್ಲ. ಕೆರೆಯಂಗಳ ಸ್ವಂತ ಊರಿಗೆ ಉಳಿಯಿತು. ಆದರೆ ಸೋತ ಊರಿನಲ್ಲಿ ಅವನ ತಂಗಿಯನ್ನು ಕೊಟ್ಟಿತ್ತು. ಆ ದಿನದಿಂದ ಆ ಊರಲ್ಲಿ ಯಾರೂ ಅವನಿಗೆ ಒಂದು ಚೊಂಬು ನೀರು ಕೊಡಲಿಲ್ಲ; ತಂಗಿಯೇ ಕೊಡಲು ಹೋದರೂ ಬಿಡಲಿಲ್ಲ. ಅಜ್ಜಿ ಈ ಕತೆ ಹೇಳುವಾಗ ಉಂಡೆಯ ವಿಷಯ ಬೇಗ ಮುಗಿಸುತ್ತಿದ್ದಳು, ನೀರಿನ ವಿಷಯಕ್ಕೆ ಬಂದಾಗ ನಿಧಾನಿಸುತ್ತಿದ್ದಳು.

ಅಂಕಯ್ಯನಿಗೆ ತಂಗಿಯಿರಲಿಲ್ಲ. ಮಕ್ಕಳೂ ಆಗಲಿಲ್ಲ. ಇದ್ದವನು ಮೆಹಬೂಬ್.

ಹರೆಯದಲ್ಲಿ ಅಂಕಯ್ಯ ಚನ್ನಪಟ್ಟಣದಲ್ಲಿ ಮೆಹಬೂಬನ ಅಪ್ಪನ ಗೊಂಬೆ ಕಾರ್ಖಾನೆಗೆ ಮರ ಕುಯ್ಯುವ ಕೆಲಸಕ್ಕೆ ಸೇರಿದ್ದ. ಕಾರ್ಖಾನೆ ಎಂದರೆ ಮನೆಯ ಮುಂಭಾಗದ ಒಂದು ಕೋಣೆ, ಅದರಲ್ಲಿ ಎರಡು ಲೇತು. ಅಂಕಯ್ಯ ಹಾಲೆ ಮರದ ತುಂಡು ಕೊಟ್ಟರೆ ಮೆಹಬೂಬ ಅದನ್ನು ತಿರುಗಿಸಿ, ಅರಗಿನ ಕಡ್ಡಿ ಒತ್ತಿ, ಒಣ ಗರಿಯಿಂದ ಉಜ್ಜಿ ಹೊಳೆಯಿಸುತ್ತಿದ್ದ. ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಆ ಮನೆಯ ಟೀ ಬಿಡಲಿಲ್ಲ. ಮೆಹಬೂಬನ ಹೆಂಡತಿ ರೋಶನ್ ಬೀ ಏಲಕ್ಕಿ ಕುಟ್ಟಿ ಹಾಕಿದ ಟೀಯನ್ನು ಪರದೆಯ ಆಚೆಯಿಂದ ಚಾಚಿದರೆ, ಕೇಳದೆಯೇ ಒಂದು ಚಮಚ ಸಕ್ಕರೆ ಹೆಚ್ಚಿರುತ್ತಿತ್ತು, ಅಂಕಯ್ಯನಿಗೆ ಬೇಕಾದಂತೆ.

ಅವರ ಮಗ ಸಾಬೀರ್. ಲೇತಿನ ಮುಂದೆ ಕೂರದೆ ಗ್ಯಾರೇಜು ಸೇರಿದವನು. ರಿಪೇರಿ ಮಾಡಿದ ಕಾರನ್ನು ಓಡಿಸಿ ನೋಡುವಾಗ ಯಾರ ಕಣ್ಣಿಗೋ ಬಿದ್ದು, ಮೊದಲು ಗೋ-ಕಾರ್ಟ್ ಎಂಬ ಸಣ್ಣ ಬಂಡಿಯ ರೇಸು, ಆಮೇಲೆ ಒಂದೇ ಸೀಟಿನ ದೊಡ್ಡ ಕಾರಿನ ರೇಸು ಎಂದು ಮೇಲೆ ಬಂದಿದ್ದ. ಜೊತೆಗೆ ಓಡಿಸುವವರೆಲ್ಲ ಅಪ್ಪನ ಕಾರಿನಲ್ಲಿ ಬರುವವರು. ಇವನು ಎರಡು ಬಸ್ಸು ಬದಲಿಸಿ ಬರುವವನು. ತಂಡದವರು ಮೊದಲೇ ಹೇಳಿದ್ದರು: ಈ ಸಲ ಚಾಂಪಿಯನ್ ಆದರೆ ಮುಂದಿನ ವರ್ಷ ಸೀಟು ನಿನ್ನದು, ಇಲ್ಲದಿದ್ದರೆ ದುಡ್ಡು ತರುವವನಿಗೆ. ಅವನ ಹನ್ನೊಂದನೇ ನಂಬರಿನ ಕಾರು ಆ ವರ್ಷವೆಲ್ಲ ಮುಂದಿತ್ತು. ಕೊನೆಯ ರೇಸು ಉಳಿದಿತ್ತು. ಅದು ಹಾರೋಹಳ್ಳಿಯಲ್ಲಿ.

ಆ ರೇಸಿನ ಹಿಂದಿನ ಶುಕ್ರವಾರ ಗೆರೆಗೆ ಹೊಸ ಬಣ್ಣ ಹೊಡೆಯಲು ಬಂದವನು ಕೆಂಪರಾಜು. ಹೊಂಗನೂರಿನವನು, ಮನೆಯಲ್ಲಿ ರೇಷ್ಮೆ ಹುಳು, ಹಿಪ್ಪುನೇರಳೆ ಸೊಪ್ಪಿನ ತೋಟ. ಬಿಡುವಿನಲ್ಲಿ ಬಣ್ಣದ ಗುತ್ತಿಗೆ. ಹಳೆಯ ಗೆರೆ ಗಾಲಿಗಳಿಗೆ ಸಿಕ್ಕಿ ಬಿಸಿಲಿಗೆ ಸವೆದು ಅಲ್ಲಲ್ಲಿ ಬೂದಿಯ ಹಾಗೆ ಉಳಿದಿತ್ತು. ಕೆಂಪರಾಜು ತಿರುವಿನ ಹೊರ ಅಂಚಿನಲ್ಲಿ ದೂರ ದೂರಕ್ಕೆ ಮೊಳೆ ಹೊಡೆದು, ಮೊಳೆಯಿಂದ ಮೊಳೆಗೆ ದಾರ ಬಿಗಿದು, ದಾರದ ಗುಂಟ ಬಣ್ಣ ಎಳೆಯತೊಡಗಿದ. ಅಂಕಯ್ಯ ನೋಡಿ ಹತ್ತಿರ ಹೋದ.

"ಲೇ ಕೆಂಪರಾಜು, ತಿರುವಲ್ಲಿ ದಾರ ಬಿಗಿದ್ರೆ ನಡುಮಧ್ಯ ಒಳಕ್ಕೆ ಬತ್ತದೆ ಕಣ್ಲಾ. ಮೊಳೆ ಹತ್ರ ಹತ್ರ ಹೊಡಿ."

"ಸೊಪ್ಪಿನ ತೋಟಕ್ಕೆ ಹಿಂಗೇ ಅಣ್ಣ ಹಿಡಿಯೋದು. ಎಷ್ಟು ಸಾಲು ಹಿಡಿದಿವ್ನಿ ಗೊತ್ತಾ?"

"ಸೊಪ್ಪಿನ ಸಾಲು ನೆಟ್ಟಗಿರ್ತದೆ. ಇದು ಬಾಗೈತೆ."

"ಬಾಗಿರೋದ್ನ ಒಸಿ ನೆಟ್ಟಗೆ ಮಾಡುದ್ರೆ ಪುಣ್ಯ ಬತ್ತದೆ ಬುಡು."

ಬಣ್ಣ ಒಣಗುವ ಹೊತ್ತಿಗೆ ಅಂಕಯ್ಯ ಬಗ್ಗಿ ಕೈಯಿಟ್ಟು ನೋಡಿದ. ಕಾರುಗಳು ಹೊರಕ್ಕೆ ಹರಿಯುವ ಜಾಗದಲ್ಲೇ ಹೊಸ ಗೆರೆ ಹಳೆಯದಕ್ಕಿಂತ ಒಂದು ಗೇಣು ಒಳಗೆ ಬಿದ್ದಿತ್ತು. ಕೆಲಸ ನೋಡಿಕೊಳ್ಳುತ್ತಿದ್ದ ಸೂಪರ್‌ವೈಸರಿಗೆ ಹೇಳಿದ. ಅವನು ಫೋನಿನಿಂದ ತಲೆ ಎತ್ತದೆ, "ಬಿಳಿ ಗೆರೆ ಎಲ್ಲಿದೆಯೋ ಅದೇ ಗಡಿ. ಎಲ್ಲ ಕಾರಿಗೂ ಒಂದೇ ಅಲ್ವಾ? ಬಿಡಿ," ಎಂದ.

ಎಲ್ಲ ಕಾರಿಗೂ ಒಂದೇ. ಆ ಮಾತಿನಲ್ಲಿ ತಪ್ಪು ಹುಡುಕಲು ಅಂಕಯ್ಯನಿಗೆ ಆಗಲಿಲ್ಲ. ಆದರೂ ಅದು ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ ಅವನಲ್ಲಿ ಉಳಿಯಿತು.

ಶನಿವಾರದ ಅಭ್ಯಾಸದಲ್ಲಿ ಏಳನೇ ತಿರುವಿನಿಂದ ಹೋದ ಮಾತೆಲ್ಲ ಒಂದೇ: ನಾಲ್ಕೂ ಗಾಲಿ ಹೊರಗೆ, ನಾಲ್ಕೂ ಗಾಲಿ ಹೊರಗೆ. ಅಭ್ಯಾಸದಲ್ಲಿ ಗೆರೆ ದಾಟಿದ ಸುತ್ತು ಲೆಕ್ಕಕ್ಕಿಲ್ಲ; ಒಬ್ಬರ ಹಿಂದೆ ಒಬ್ಬರ ಸಮಯ ಅಳಿಸಿಹೋಯಿತು. ಮಧ್ಯಾಹ್ನದ ಸಭೆಯಲ್ಲಿ ಓಡಿಸುವವರು ಮೇಜು ಬಡಿದರು. ಆ ತಿರುವಿನಲ್ಲಿ ಕೂತವನಿಗೆ ಕಣ್ಣು ಸರಿಯಿಲ್ಲ ಎಂದು ಒಬ್ಬ ಅಂದನಂತೆ. ರೇಸಿನ ಮುಖ್ಯ ಅಧಿಕಾರಿ ಸುಮನಾ ಒಂದೇ ಮಾತು ಹೇಳಿದರಂತೆ: "ಗೆರೆ ಕಾಣುತ್ತಿದೆ. ಒಳಗೆ ಓಡಿಸಿ."

ಸಂಜೆ ಬೇಲಿಯ ಆಚೆಯಿಂದ ಮೆಹಬೂಬ ಕೈ ಬೀಸಿದ. ಅವನ ಬಗಲಲ್ಲಿ ಎಂದಿನ ಫ್ಲಾಸ್ಕು. ಇಬ್ಬರೂ ಬಂಡೆಯ ನೆರಳಿನಲ್ಲಿ ಕೂತರು. ಏಲಕ್ಕಿಯ ವಾಸನೆ ಸುಟ್ಟ ರಬ್ಬರಿನ ವಾಸನೆಯೊಳಗೆ ಸಣ್ಣದಾಗಿ ಎದ್ದಿತು.

"ರೋಶನ್ ಹೇಳಿ ಕಳಿಸವ್ಳೆ, ಅಂಕಣ್ಣಂಗೆ ಮೊದಲು ಕೊಡು, ಆಮೇಲೆ ನೀನು ಕುಡಿ ಅಂತ," ಎಂದ ಮೆಹಬೂಬ. "ನನ್ನ ಮನೇಲಿ ನಂಗಿಂತ ನಿಂಗೇ ಮರ್ಯಾದೆ ನೋಡು."

"ನೀವು ದಿನಾ ಸಿಗ್ತೀರಿ ಸಾಬ್ರೇ. ಅದಕ್ಕೆ."

ಮೆಹಬೂಬ ನಕ್ಕ. ಆಮೇಲೆ ನಗು ಇಳಿಯಿತು. ಅರಗಿನ ಬಣ್ಣ ಉಗುರಿನ ಸಂದಿಯಲ್ಲಿ ಉಳಿದ ಬೆರಳುಗಳಿಂದ ಲೋಟವನ್ನು ತಿರುಗಿಸುತ್ತ ಕೇಳಿದ.

"ಹುಡುಗ ಊಟ ಮಾಡ್ಲಿಲ್ಲ ಅಂಕಣ್ಣ. ಆ ತಿರುವಲ್ಲಿ ಏನೋ ಸರಿ ಇಲ್ಲ ಅಂತಾನೆ. ಏನು ಅಂತ ಗೊತ್ತಾಗ್ತಿಲ್ಲ ಅಂತಾನೆ. ನೀನು ಅಲ್ಲೇ ಕೂತಿರ್ತೀಯ. ಎಲ್ಲಿ ತಪ್ತಾನೆ ಹೇಳು."

ಮಾತು ಅಂಕಯ್ಯನ ನಾಲಿಗೆಯ ತುದಿಗೆ ಬಂದಿತ್ತು. ಗೆರೆ ಗೇಣು ಒಳಗೈತೆ ಸಾಬ್ರೇ, ಅವನ ಕೈಗೆ ರೂಢಿಯಾದ ಜಾಗದಲ್ಲಿ ಇಲ್ಲ. ಅಷ್ಟೇ ಹೇಳಬೇಕಾಗಿದ್ದದ್ದು. ಆದರೆ ಈ ಕಿತ್ತಲೆ ಅಂಗಿ ತೊಟ್ಟು ಒಬ್ಬನ ಅಪ್ಪನಿಗೆ ಮಾತ್ರ ಅದನ್ನು ಹೇಳಿದರೆ, ನಾಳೆ ಅದೇ ಸ್ಟೂಲಿನ ಮೇಲೆ ಕೂತು ಬೇರೆಯವರ ಗಾಲಿ ಹೊರಗೆ ಎಂದು ಯಾವ ಬಾಯಲ್ಲಿ ಹೇಳುವುದು? ತಲೆಯ ಮೇಲೆ ಹಸಿ ಮಣ್ಣಿನ ಉಂಡೆ ಕೂತ ಹಾಗೆ ಅವನ ಕತ್ತು ಬಿಗಿಯಿತು.

"ಗೆರೆ ನೋಡ್ಕಂಡು ಓಡ್ಸು ಅನ್ನಿ," ಎಂದ.

"ಅದು ಎಲ್ರಿಗೂ ಗೊತ್ತಲ್ಲಪ್ಪ."

"ಎಲ್ರಿಗೂ ಗೊತ್ತಿರೋದ ಬುಟ್ಟು ನಾನು ಬೇರೆ ಹೇಳಂಗಿಲ್ಲ ಸಾಬ್ರೇ."

ಮೆಹಬೂಬ ಅವನ ಮುಖವನ್ನೊಮ್ಮೆ ನೋಡಿ, ಸರಿ ಎನ್ನುವ ಹಾಗೆ ತಲೆಯಾಡಿಸಿ, ಫ್ಲಾಸ್ಕಿನಲ್ಲಿ ಉಳಿದ ಟೀಯನ್ನೂ ಅವನ ಲೋಟಕ್ಕೇ ಬಗ್ಗಿಸಿದ.

ಭಾನುವಾರ ಮೋಡ ಕವಿದಿತ್ತು, ಮಳೆಯಿಲ್ಲ. ಓಟ ಶುರುವಾದಾಗಿನಿಂದ ಹನ್ನೊಂದನೇ ಕಾರು ಮುಂದೆ. ಆದರೆ ಏಳನೇ ತಿರುವಿನಲ್ಲಿ ಅದು ಮೂರು ಸಲ ಗೆರೆ ದಾಟಿತು. ಮೂರು ಸಲವೂ ಅಂಕಯ್ಯ ಹೇಳಿದ. ಮೂರನೆಯದಾದ ಮೇಲೆ ಸಾಬೀರನಿಗೆ ಎಚ್ಚರಿಕೆಯ ಬಾವುಟ ತೋರಿಸಿದರು. ಅಲ್ಲಿಂದ ಅವನು ಆ ತಿರುವಿನಲ್ಲಿ ಹೆಜ್ಜೆ ಎಣಿಸಿ ನಡೆಯುವವನ ಹಾಗೆ ಬಂದ, ಒಳಗೇ ಉಳಿದ, ಸುತ್ತು ಸುತ್ತಿಗೂ ಹಿಂದಿನ ಕಾರು ಹತ್ತಿರವಾಯಿತು. ಅಂಕಯ್ಯ ಗೆರೆಯಿಂದ ಕಣ್ಣು ತೆಗೆಯಲಿಲ್ಲ. ಆದರೆ ಜೀವಮಾನದಲ್ಲಿ ಮೊದಲ ಸಲ, ನೋಡಬಾರದು ಎಂಬ ಆಸೆ ಅವನೊಳಗೆ ಹುಟ್ಟಿತ್ತು. ಕಣ್ಣಿಗೆ ದೂಳು ಬೀಳಲಿ. ಒಂದು ಹಕ್ಕಿ ಅಡ್ಡ ಹಾರಲಿ.

ಕೊನೆಯ ಸುತ್ತು. ಹಿಂದಿನ ಕಾರು ಒಳಗಡೆಯಿಂದ ಮೂತಿ ತೂರಿಸಿತು. ಹನ್ನೊಂದು ಜಾಗ ಬಿಡಲಿಲ್ಲ. ವೇಗ ಇಳಿಸದೆ ಹೊರಕ್ಕೆ ಹರಿಯಿತು. ಬಲಗಡೆಯ ಗಾಲಿಗಳು ಕಾಂಕ್ರೀಟಿನ ಮೇಲೆ. ಎಡಗಡೆಯವೂ ಹೊಸ ಬಿಳಿ ಬಣ್ಣವನ್ನು ದಾಟಿದವು. ದಾಟಿ, ಆ ಬೂದಿ ಬಣ್ಣದ ಹಳೆಯ ಗೆರೆಯನ್ನು ತುಳಿದುಕೊಂಡು ಹೋದವು.

ಹಕ್ಕಿ ಹಾರಲಿಲ್ಲ.

ಅಂಕಯ್ಯ ವೈರ್‌ಲೆಸ್ಸಿನ ಗುಂಡಿ ಒತ್ತಿದ. "ಏಳನೇ ತಿರುವು. ಹನ್ನೊಂದು. ನಾಲ್ಕೂ ಗಾಲಿ." ದನಿ ಅವನದೇ, ದಿನದ ಹಾಗೆಯೇ ಇತ್ತು. ಆ ಕಡೆಯಿಂದ "ಖಾತ್ರಿನಾ?" ಎಂದು ಕೇಳಿದರು. "ಖಾತ್ರಿ," ಎಂದ.

ಸಾಬೀರ್ ಮೊದಲು ಮುಗಿಸಿದ. ಕೈ ಮೇಲೆತ್ತಿ ಬಂದ. ದಂಡದ ಐದು ಸೆಕೆಂಡು ಸೇರಿಸಿದಾಗ ಮೂರನೆಯವನಾದ. ಚಾಂಪಿಯನ್ ಬೇರೆಯವನಾದ.

ತಂಡದವರು ಗೆರೆಯ ಮೇಲೆಯೇ ತಕರಾರು ಎತ್ತಿದರು. ಆ ತಿರುವಿನ ಕ್ಯಾಮೆರಾಕ್ಕೆ ದೂಳು ಕವಿದು ಏನೂ ಕಾಣುತ್ತಿರಲಿಲ್ಲ. ಸುಮನಾ ಅಂಕಯ್ಯನನ್ನು ಕರೆಸಿದರು. ಸಣ್ಣ ಕೋಣೆ, ಸೆಕೆಯೆಂದು ಬಾಗಿಲು ತೆರೆದಿತ್ತು. ಹೊರಗೆ ಗೋಡೆಗೆ ಒರಗಿ ಮೆಹಬೂಬ ನಿಂತಿದ್ದ. ಒಳಗೆ ಹೋಗುವಾಗ ಅಂಕಯ್ಯನಿಗೆ ಅವನ ಚಪ್ಪಲಿಯಷ್ಟೇ ಕಂಡಿತು.

"ಗೆರೆ ಸರಿಯಾದ ಜಾಗದಲ್ಲಿಲ್ಲ ಅಂತ ಇವರು ಹೇಳುತ್ತಿದ್ದಾರೆ. ಹೌದಾ?" ಎಂದು ಸುಮನಾ ಕೇಳಿದರು.

"ಹೌದು ಮೇಡಂ. ಒಂದು ಗೇಣು ಒಳಕ್ಕೈತೆ."

"ಕಾರು ಎಷ್ಟು ಹೊರಗಿತ್ತು?"

"ನಾಲ್ಕು ಬೆರಳು."

ತಂಡದ ಮ್ಯಾನೇಜರು ಕುರ್ಚಿಯಿಂದ ಅರ್ಧ ಎದ್ದವನು ಹಾಗೇ ನಿಂತ.

"ಇದು ನಿಮಗೆ ಯಾವಾಗ ಗೊತ್ತಾಯಿತು?"

ಸುಳ್ಳು ಹೇಳಲು ಅವನಿಗೆ ಬರುತ್ತಿರಲಿಲ್ಲ. ಕಲಿಯಲು ಆ ಹೊತ್ತು ಸಾಲಲಿಲ್ಲ. "ಶುಕ್ರವಾರ. ಬಣ್ಣ ಹೊಡೆದಾಗ್ಲೆಯ. ಸೂಪರ್‌ವೈಸರಿಗೆ ಹೇಳಿದ್ದೆ."

"ನನಗೆ ಬರಲಿಲ್ಲ ಆ ಮಾತು." ಸುಮನಾ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಬಂದಿದ್ದರೆ ಮತ್ತೆ ಬಣ್ಣ ಹೊಡೆಸುತ್ತಿದ್ದೆನೋ ಏನೋ. ಈಗ ಆಗಲ್ಲ. ಇದೇ ಗೆರೆಗೆ ಎಲ್ಲರೂ ಓಡಿಸಿದ್ದಾರೆ, ಎಲ್ಲರಿಗೂ ಇದೇ ಗೆರೆಯಲ್ಲಿ ದಂಡ ಹಾಕಿದ್ದೇನೆ. ಒಬ್ಬನಿಗೆ ಹಳೇ ಗೆರೆ, ಮಿಕ್ಕವರಿಗೆ ಹೊಸಾ ಗೆರೆ ಅನ್ನೋಕಾಗಲ್ಲ."

ಅದೂ ಸರಿಯಾದ ಮಾತೇ. ಆ ದಿನ ಆಡಿದ ಮಾತುಗಳೆಲ್ಲ ಸರಿಯಾಗಿಯೇ ಇದ್ದವು. ಅಂಕಯ್ಯ ಹೊರಗೆ ಬಂದಾಗ ಗೋಡೆಯ ಹತ್ತಿರ ಯಾರೂ ಇರಲಿಲ್ಲ. ದೂರದಲ್ಲಿ ಮೆಹಬೂಬ ಮಗನ ಬೆನ್ನ ಮೇಲೆ ಕೈಯಿಟ್ಟು ಗೇಟಿನ ಕಡೆ ನಡೆಯುತ್ತಿದ್ದ. ಬಗಲಲ್ಲಿದ್ದ ಫ್ಲಾಸ್ಕನ್ನು ಆ ದಿನ ಯಾರೂ ತೆರೆದಿರಲಿಲ್ಲ.

ಆಮೇಲೆ ಕೆಲವು ವಾರ ಫೋನುಗಳಲ್ಲಿ ವಾದ ನಡೆಯಿತು. ಗೆರೆ ಎಂದರೆ ಗೆರೆ ಎಂದರು ಕೆಲವರು. ನಾಲ್ಕು ಬೆರಳಿಗೆ ಒಬ್ಬನ ಬದುಕು ಕಿತ್ತರು ಎಂದರು ಕೆಲವರು. ಸ್ವಾಮಿ ಮಾತ್ರ ಕೆಣಕುವುದನ್ನು ಬಿಟ್ಟು ಸುಮ್ಮನೆ ಟೀ ಕೊಡುತ್ತಿದ್ದ. ಅಂಕಯ್ಯನಿಗೆ ಅದೇ ಹೆಚ್ಚು ಚುಚ್ಚಿತು. ಕೊನೆಗೆ ಟ್ರ್ಯಾಕಿನವರು ಏಳನೇ ತಿರುವಿನ ಕಾಂಕ್ರೀಟು ಒಡೆಸಿ ಜಲ್ಲಿ ತುಂಬಿಸಿದರು. ಇನ್ನು ದಾಟಿದವನನ್ನು ಜಲ್ಲಿಯೇ ಹಿಡಿಯುತ್ತದೆ, ಯಾರೂ ಏನೂ ಹೇಳಬೇಕಾಗಿಲ್ಲ. ಸ್ಟೂಲನ್ನು ಎತ್ತಿಕೊಂಡು ಹೋದರು. ಕಿತ್ತಲೆ ಅಂಗಿಯನ್ನು ಅಂಕಯ್ಯ ಒಗೆದು, ಮಡಿಸಿ, ವಾಪಸು ಕೊಟ್ಟ.

"ಹೋಗಿ ಬಾ ಅತ್ಲಾಗೆ," ಎಂದಳು ದೊಡ್ಡಲಕ್ಷ್ಮಮ್ಮ ಒಂದು ದಿನ. "ರೊಟ್ಟಿ ಅಂಗೇ ಬುಟ್ಟಿದ್ದೀಯ. ಹೋಗಿ ಆ ಸಾಬ್ರ ಮುಖ ನೋಡ್ಕಂಡು ಬಾ."

"ಏನಂತ ಹೇಳ್ಲಿ?"

"ಏನೂ ಹೇಳ್ಬೇಡ. ಹೇಳಿ ಹೇಳಿಯೇ ಇಲ್ಲೀಗಂಟ ಬಂದಿರದು."

ಚನ್ನಪಟ್ಟಣದ ಆ ಬೀದಿಯಲ್ಲಿ ಏನೂ ಬದಲಾಗಿರಲಿಲ್ಲ. ಕೋಣೆಯಲ್ಲಿ ಎರಡೂ ಲೇತು ತಿರುಗುತ್ತಿದ್ದವು. ಎರಡನೆಯದರ ಮುಂದೆ ಸಾಬೀರ್ ಕೂತಿದ್ದ. ಹಸಿರು ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುತ್ತಿದ್ದ. ಬಣ್ಣ ಅಂಚು ದಾಟಿ ಪಕ್ಕದ ಹಳದಿಗೆ ಹರಿದಿತ್ತು. ಅಂಕಯ್ಯನನ್ನು ಕಂಡು ಎದ್ದು ನಿಂತ.

"ಬನ್ನಿ ಚಾಚಾ," ಎಂದ. ಅರಗಿನ ಕಡ್ಡಿಯನ್ನು ಕೆಳಗಿಟ್ಟು ತಾನೇ ಹೇಳಿದ: "ನಿಮ್ದೇನೂ ಇಲ್ಲ ಚಾಚಾ. ನಂಗೆ ಬಾವುಟ ತೋರ್ಸಿದ್ರು. ಗೆರೆನೂ ಕಾಣ್ತಿತ್ತು. ಹಿಂದಿನ ಕಾರಿನವನು ಒತ್ತಿದಾಗ ಕೈ ಹಳೇ ಜಾಗಕ್ಕೇ ಹೋಗ್ಬುಡ್ತು. ಕೈಗೆ ಅದೇ ಗೊತ್ತು."

ಮೆಹಬೂಬ ಲೇತು ನಿಲ್ಲಿಸಿದ. ಮರದ ಪುಡಿಯನ್ನು ಮಡಿಲಿನಿಂದ ಕೊಡವಿಕೊಂಡ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಎಂದು ಅಂಕಯ್ಯನಿಗೆ ಅನ್ನಿಸಿತು.

"ನೀನು ಸುಳ್ಳು ಹೇಳ್ಲಿಲ್ಲ ಅಂಕಯ್ಯ. ಅದು ನಂಗೆ ಗೊತ್ತು. ಖುದಾ ಮುಂದೆನೂ ಹೇಳ್ತೀನಿ. ಶನಿವಾರ ನಾನು ಕೇಳ್ದೆ. ನನ್ನ ಟೀ ಕುಡ್ಕೊಂಡು ನೀನು ಸುಮ್ನೆ ಕೂತಿದ್ದೆ. ಅದೂ ಗೊತ್ತು."

ಅಂಕಣ್ಣ ಎನ್ನಲಿಲ್ಲ. ಅಂಕಯ್ಯ ಎಂದ.

"ನಿಮ್ಗೊಬ್ರಿಗೇ ಹೇಳಿದ್ರೆ..." ಎಂದು ಅಂಕಯ್ಯ ಶುರು ಮಾಡಿದ.

"ಗೊತ್ತು. ಮಿಕ್ಕೋರಿಗೆ ಅನ್ಯಾಯ. ನಾನು ಯೋಚನೆ ಮಾಡ್ದೆ. ನೀನು ಮಾಡಿದ್ದು ಸರಿ." ಮೆಹಬೂಬ ಹೊರಗಿನ ಬೀದಿಯನ್ನು ನೋಡಿದ. "ಸರಿಯಾದ್ರೆ ಏನಾಯ್ತು, ಹೊಟ್ಟೆ ಉರಿಯೋದು ನಿಲ್ತದಾ?"

ಪರದೆಯ ಆಚೆ ರೋಶನ್ ಬೀ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಅದು ನಿಂತಿತು. ಅಂಕಯ್ಯ ಅಭ್ಯಾಸದಂತೆ ಪರದೆಯ ಕಡೆ ತಿರುಗಿದ. ಪರದೆ ಅಲ್ಲಾಡಲಿಲ್ಲ. ಮೆಹಬೂಬ ಬಾಗಿಲಿಗೆ ಹೋಗಿ ಎದುರಿನ ಹೋಟೆಲಿನ ಕಡೆ ಕೈ ಮಾಡಿ ಒಂದು ಬೆರಳು ತೋರಿಸಿದ. ಸ್ವಲ್ಪ ಹೊತ್ತಿಗೆ ಒಂದು ಗಾಜಿನ ಲೋಟದಲ್ಲಿ ಟೀ ಬಂತು. ಬಂದ ವ್ಯಾಪಾರಿಗಳಿಗೆ, ಕರೆಂಟ್ ಬಿಲ್ಲಿನವರಿಗೆ ತರಿಸುವ ಟೀ ಅದು.

ಅಂಕಯ್ಯ ಪೂರ್ತಿ ಕುಡಿದ. ಅದರಲ್ಲಿ ಏಲಕ್ಕಿ ಇರಲಿಲ್ಲ. ಲೇತುಗಳು ಮತ್ತೆ ತಿರುಗತೊಡಗಿದ್ದವು. ಬತ್ತೀನಿ ಎಂದ. ಹೂಂ ಎಂದ ಮೆಹಬೂಬ.

ಖಾಲಿ ಲೋಟವನ್ನು ಎಲ್ಲಿ ಇಡುವುದೆಂದು ತಿಳಿಯದೆ ಅಂಕಯ್ಯ ಅದನ್ನು ಹಿಡಿದುಕೊಂಡೇ ಬೀದಿ ದಾಟಿ ಹೋಟೆಲಿನ ಕಟ್ಟೆಯ ಮೇಲಿಟ್ಟ. ಹೋಟೆಲಿನವನು ಹೊಸಬ. ಲೋಟವನ್ನು ನೀರಿಗೆ ಅದ್ದುತ್ತ, ಮಾತಿಗೆಂದು ಕೇಳಿದ:

"ಸಾಬ್ರ ಮನೆಗೆ ಬಂದಿದ್ರಾ ಯಜಮಾನ್ರೇ? ಇಲ್ಲಿ ನೋಡಿಲ್ವಲ್ಲ ನಿಮ್ಮನ್ನ. ಇದೇ ಮೊದಲ ಸಲವಾ?"

ಅಂಕಯ್ಯ ತಿರುಗಿ ನೋಡಿದ. ಬಾಗಿಲು ತೆರೆದೇ ಇತ್ತು. ಒಳಗೆ ಲೇತಿನ ಮುಂದೆ ಎರಡು ತಲೆಗಳು ಬಗ್ಗಿದ್ದವು.

"ಹೂಂ ಕಣಪ್ಪ," ಎಂದು ಬಸ್ ಸ್ಟ್ಯಾಂಡಿನ ಕಡೆ ನಡೆದ.